ಹಳೆಯ ಮನೆ ಕೆಡವಬೇಡಿ, ತಂಪು ಮಾಡಿ
ಬಸವೇಶ್ವರನಗರದ ಮನೆ ಮಾಲೀಕರಲ್ಲಿ ಒಂದು ಮನವಿ



ಬೇಸಿಗೆ ಬಂತೆಂದರೆ ನಮ್ಮ ಬಡಾವಣೆಯ ಹಳೆಯ ಮನೆಗಳ ಮೇಲೆ ದೂರು ಶುರುವಾಗುತ್ತದೆ: ಒಳಗೆ ಸೆಕೆ, ಕರೆಂಟ್ ಬಿಲ್ ಜಾಸ್ತಿ, ಕೆಡವಿ ಕಟ್ಟುವುದೇ ವಾಸಿ. ದೂರು ನಿಜ, ತೀರ್ಮಾನ ತಪ್ಪು. ಏಪ್ರಿಲ್ ಕೊನೆಯ ವಾರ ಬೆಂಗಳೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. 2016ರ ಏಪ್ರಿಲ್‌ನಲ್ಲಿ ತಾಪ 39.2 ಡಿಗ್ರಿ ಮುಟ್ಟಿತ್ತು. ಆ ಹೊತ್ತಿನ ಬಿಸಿಲು ಗೋಡೆಗಿಂತ ತಾರಸಿಗೇ ಹೆಚ್ಚು ಬಡಿಯುತ್ತದೆ. ಕಾದ ತಾರಸಿ ರಾತ್ರಿಯವರೆಗೂ ಕೋಣೆಗೆ ಶಾಖ ಇಳಿಸುತ್ತಲೇ ಇರುತ್ತದೆ. ತಾರಸಿಯ ಕಾಯಿಲೆಗೆ ಮನೆಯನ್ನೇ ಉರುಳಿಸಬೇಕಿಲ್ಲ.

ಈ ಮನೆಗಳನ್ನು ಕಟ್ಟಿದವರು ಊರಿನ ಹವೆ ಬಲ್ಲವರು. ಕಿಟಕಿಗೆ ಸಜ್ಜಾ, ಬಿಸಿಗಾಳಿ ಹೊರಹೋಗಲು ಮೇಲೊಂದು ವೆಂಟಿಲೇಟರ್, ಗಾಳಿಯಾಡಲು ಜಾಲಿ, ಕಾಲಿಗೆ ತಣ್ಣಗಿರುವ ರೆಡ್ ಆಕ್ಸೈಡ್ ನೆಲ, ಗಿಡಕ್ಕೊಂದಿಷ್ಟು ಜಾಗ. ಮನೆಗೆ ಅಂದ ತಂದಿರುವುದೂ ಕರೆಂಟ್ ಉಳಿಸುವುದೂ ಇವೇ. ಸಜ್ಜಾ ಒಡೆದು, ವೆಂಟಿಲೇಟರ್ ಮುಚ್ಚಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಮೊದಲು ಮುಚ್ಚಿದ್ದನ್ನು ತೆರೆಯಿರಿ. ತಾರಸಿಯ ಬಿರುಕು ಸರಿಪಡಿಸಿ, ಸುಣ್ಣವನ್ನೋ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನೋ ಬಳಿಯಿರಿ. 75 ವ್ಯಾಟ್‌ನ ಹಳೆಯ ಫ್ಯಾನಿನ ಜಾಗಕ್ಕೆ 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ತನ್ನಿ. ಸೋಲಾರ್ ಫಲಕಗಳನ್ನು ಪ್ಯಾರಪೆಟ್‌ನಿಂದ ಹಿಂದೆ ಸರಿಸಿ ಕೂರಿಸಿದರೆ ಮನೆಯ ಮುಖ ಕೆಡದು, ತಾರಸಿಗೆ ನೆರಳೂ ಸಿಗುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿಯ ಸಹಾಯಧನವಿದೆ.

ಹೊಸ ಕಟ್ಟಡ ಕರೆಂಟ್ ಉಳಿಸುವುದಿಲ್ಲವೇ ಎಂದು ಕೇಳಬಹುದು. ಉಳಿಸಬಹುದು, ಆದರೆ ಅದು ಇಂಧನದ ಸಾಲ ಹೊತ್ತೇ ಹುಟ್ಟುತ್ತದೆ. ಸಿಮೆಂಟ್ ತಯಾರಿಸಲು ಬೇಕಾದ ಕ್ಲಿಂಕರ್ ಸುಮಾರು 1,450 ಡಿಗ್ರಿಯಲ್ಲಿ ಬೇಯಬೇಕು. ಇಟ್ಟಿಗೆ, ಉಕ್ಕು, ಗಾಜು ಎಲ್ಲಕ್ಕೂ ಬೆಂಕಿ ಬೇಕು. ಹಳೆಯ ಮನೆಗೆ ಈ ಇಂಧನ ಆಗಲೇ ಸಂದಿದೆ. ಕೆಡವಿದರೆ ಅದು ಲಾರಿಗಟ್ಟಲೆ ಅವಶೇಷವಾಗುತ್ತದೆ, ಹೊಸದಕ್ಕೆ ಮತ್ತೆ ಇಂಧನ ಸುಡಬೇಕಾಗುತ್ತದೆ.

ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇರುವಾಗ ಉಳಿತಾಯ ಏಕೆ ಎನ್ನುವವರಿದ್ದಾರೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಆ ಗಡಿ ದಾಟಿಸುವುದು ಕಾದ ತಾರಸಿಯೇ. ಮಕ್ಕಳಿಗೆ ಕೋಣೆ ಸಾಲದು ಎಂಬುದು ಇದಕ್ಕಿಂತ ಗಟ್ಟಿಯಾದ ಮಾತು, ಅದನ್ನು ತಳ್ಳಿಹಾಕುವಂತಿಲ್ಲ. ತಳಪಾಯ ತಾಳುತ್ತದೆಂದು ಎಂಜಿನಿಯರ್ ಹೇಳಿದರೆ ಹಿಂಬದಿಗೆ ಹಗುರವಾದ ಮಹಡಿ ಏರಿಸಬಹುದು. ತಳಪಾಯವೇ ಸೋತಿದ್ದರೆ ಕೆಡವುವುದು ಅನಿವಾರ್ಯ. ಆದರೆ ಆ ನಿರ್ಧಾರ ಪರೀಕ್ಷೆಯ ನಂತರ ಬರಲಿ.

ನಮ್ಮದೇನು ಅಠಾರಾ ಕಚೇರಿಯಂಥ ಪಾರಂಪರಿಕ ಕಟ್ಟಡವೇ, ಸಾಮಾನ್ಯ ಮನೆ ತಾನೆ ಎಂಬುದು ಕೊನೆಯ ಆಕ್ಷೇಪ. 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ಮನೆಗಳೂ ಅಂದು ಸಾಮಾನ್ಯ ಮನೆಗಳೇ. ಅವುಗಳಲ್ಲಿ ಎಷ್ಟೋ ನೆಲಸಮವಾದ ಮೇಲೆ ಅವು ಪರಂಪರೆಯೆಂದು ಊರು ಪೇಚಾಡುತ್ತಿದೆ. ಆ ತಡ ನಮ್ಮಲ್ಲಿ ಆಗಬಾರದು.

ಕೆಡವುವ ಗುತ್ತಿಗೆದಾರರನ್ನು ಕರೆಯುವ ಮುನ್ನ ಒಂದು ಬೇಸಿಗೆ ತಾರಸಿಗೆ ಬಿಳಿ ಬಳಿದು, ವೆಂಟಿಲೇಟರ್ ತೆರೆದು ನೋಡಿ. ಆಮೇಲೆ ತೀರ್ಮಾನಿಸಿ.