ಘಾಟು ಏಳುವ ಮುನ್ನ

ಮೆಕ್ಸಿಕೊ ನಗರದಲ್ಲಿ 1541ರ ಸುಮಾರಿಗೆ ಸಿದ್ಧವಾದ ಒಂದು ಚಿತ್ರಗ್ರಂಥವು ಇಂದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಭಂಡಾರದಲ್ಲಿದೆ. ಮೆಂಡೋಸಾ ಗ್ರಂಥವೆಂದು ಅದರ ಹೆಸರು. ಆಜ್‌ಟೆಕ್ ಜನರು ಮಕ್ಕಳನ್ನು ಬೆಳೆಸುತ್ತಿದ್ದ ಬಗೆಯನ್ನು ತೋರಿಸುವ ಅದರ ಒಂದು ಪುಟದಲ್ಲಿ, ಮಾತು ಕೇಳದ ಹನ್ನೊಂದು ವರ್ಷದ ಹುಡುಗನನ್ನು ತಂದೆಯು ಬೆಂಕಿಯ ಹೊಗೆಗೆ ಹಿಡಿದಿದ್ದಾನೆ. ಬೆಂಕಿಯಲ್ಲಿ ಉರಿಯುತ್ತಿರುವುದು ಒಣ ಮೆಣಸಿನಕಾಯಿ! ಪಕ್ಕದಲ್ಲಿ ತಾಯಿಯು ಮಗಳಿಗೆ ಅದೇ ಹೊಗೆಯ ಭಯವನ್ನು ತೋರಿಸುತ್ತಿದ್ದಾಳೆ. ಒಗ್ಗರಣೆಯ ಮೆಣಸಿನಕಾಯಿ ಸೀದ ದಿನ ಮನೆಮಂದಿಯೆಲ್ಲ ಕೆಮ್ಮುತ್ತ ಹಿತ್ತಲಿಗೆ ಓಡಿದ ಅನುಭವವಿರುವ ಕುಟುಂಬಗಳಿಗೆ ಈ ಶಿಕ್ಷೆಯ ಉಗ್ರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ನಾಡಿನ ಗೃಹಿಣಿಯರು ಅದೇ ಮೆಣಸಿನಕಾಯಿಯನ್ನು ಕಾದ ಹೆಂಚಿನ ಮೇಲಿಟ್ಟು, ಶಿಕ್ಷೆಯ ಹೊಗೆ ಏಳುವುದಕ್ಕೆ ತುಸು ಮುಂಚೆ ತೆಗೆದುಬಿಡುತ್ತಾರೆ. ಹುರಿದ ಸಾಲ್ಸಾದ ಗುಟ್ಟೆಲ್ಲವೂ ಆ ಕೆಲವು ಕ್ಷಣಗಳಲ್ಲಿ ಅಡಗಿದೆ.

ಸಾಲ್ಸಾ ಎಂಬುದು ಸ್ಪಾನಿಷ್ ಮಾತು. ನಂಜಿಕೊಳ್ಳುವ ರಸವೆಂದಷ್ಟೇ ಅದರ ಅರ್ಥ. ಹೆಸರು ಸ್ಪೇನಿನವರದಾದರೂ ಪದಾರ್ಥ ಅವರದಲ್ಲ. ಹದಿನಾರನೆಯ ಶತಮಾನದಲ್ಲಿ ಮೆಕ್ಸಿಕೊದಲ್ಲಿ ನೆಲೆಸಿದ್ದ ಸಹಾಗುನ್ ಎಂಬ ಪಾದ್ರಿಯು, ಅಲ್ಲಿನ ಸಂತೆಗಳಲ್ಲಿ ಮೆಣಸಿನಕಾಯಿ, ಟೊಮೇಟೊ ಮುಂತಾದವನ್ನು ಕೂಡಿಸಿದ ಬಗೆಬಗೆಯ ಖಾರದ ರಸಗಳನ್ನು ಮಾರುತ್ತಿದ್ದವರ ವಿಷಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ‘ಚಿಲ್ಲಿ’, ‘ಟೊಮಾಟ್ಲ್’ ಎಂಬ ಎರಡು ಶಬ್ದಗಳೂ ಆಜ್‌ಟೆಕ್ ಜನರ ನಾವಾಟ್ಲ್ ಭಾಷೆಯಿಂದಲೇ ಹೊರಟು ಲೋಕವನ್ನು ಸುತ್ತಿದವು.

ಮೆಕ್ಸಿಕೊದವರಿಗೆ ಒಣ ಮೆಣಸಿನಕಾಯಿ ಎಂದರೆ ಒಂದೇ ವಸ್ತುವಲ್ಲ. ಹಸಿಯಾಗಿದ್ದಾಗ ಒಂದು ಹೆಸರು, ಒಣಗಿದ ಮೇಲೆ ಇನ್ನೊಂದು. ಪೊಬ್ಲಾನೊ ಒಣಗಿದರೆ ಆಂಚೊ. ಮಿರಾಸೋಲ್ ಒಣಗಿದರೆ ಗ್ವಾಹಿಯೊ. ಹಲಪೆನ್ಯೊವನ್ನು ಹೊಗೆಯಲ್ಲಿಟ್ಟು ಒಣಗಿಸಿದರೆ ಚಿಪೋಟ್ಲೆ. ಗ್ವಾಹಿಯೊ ಬಣ್ಣಕ್ಕೂ ಪರಿಮಳಕ್ಕೂ ಹೆಸರಾದುದು, ಖಾರ ಅಷ್ಟಕ್ಕಷ್ಟೆ. ಖಾರ ಬೇಕಾದವರು ಅದರೊಡನೆ ಆರ್ಬೋಲ್ ಎಂಬ ಸಣ್ಣ ಕಾಯಿಯನ್ನು ಸೇರಿಸುತ್ತಾರೆ. ಬಣ್ಣಕ್ಕೊಂದು, ಖಾರಕ್ಕೊಂದು ಎಂಬ ಈ ಲೆಕ್ಕವು ಬ್ಯಾಡಗಿಯನ್ನೂ ಗುಂಟೂರನ್ನೂ ಬೆರೆಸಿ ಸಾರಿನ ಪುಡಿ ಮಾಡುವ ಕೈಗಳಿಗೆ ಹೊಸದೇನಲ್ಲ. ಪೋರ್ಚುಗೀಸರ ಹಡಗುಗಳಲ್ಲಿ ಭಾರತಕ್ಕೆ ಬಂದಿಳಿದ ಕಾಯಿ ಹಾವೇರಿ ಸೀಮೆಯ ನೆಲಕ್ಕೆ ಎಷ್ಟು ಹೊಂದಿಕೊಂಡಿತೆಂದರೆ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಗ್ವಾಹಿಯೊ ದೊರೆಯದ ಊರಿನಲ್ಲಿ ಸಾಲ್ಸಾ ಮಾಡಬಯಸುವವರಿಗೆ ಅದೇ ಹತ್ತಿರದ ನೆಂಟ.

ನಾಲ್ಕೈದು ಮಂದಿಯ ಮನೆಗೆ ಆರು ಗ್ವಾಹಿಯೊ ಅಥವಾ ಹತ್ತು ಹನ್ನೆರಡು ಬ್ಯಾಡಗಿ, ಎರಡು ಮೂರು ಖಾರದ ಕಾಯಿ, ನಾಲ್ಕು ಹಣ್ಣು ಟೊಮೇಟೊ, ಸಿಪ್ಪೆ ಸುಲಿಯದ ಮೂರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಉಪ್ಪು ಸಾಕು. ಕಾಯಿಗಳನ್ನು ಒದ್ದೆ ಬಟ್ಟೆಯಿಂದ ಒರಸಿ, ತೊಟ್ಟು ಮುರಿದು, ಸೀಳಿ, ಬೀಜಗಳನ್ನು ಕೊಡವಬೇಕು. ಖಾರವೆಲ್ಲ ಬೀಜದಲ್ಲಿದೆಯೆಂಬ ನಂಬಿಕೆ ಸರಿಯಲ್ಲ. ಅದು ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ಪೊರೆಯಲ್ಲಿರುತ್ತದೆ. ಬೀಜವನ್ನು ತೆಗೆಯುವುದು ಅದು ಬೇಗನೆ ಸೀದು ಕಹಿಯಾಗುವುದೆಂಬ ಕಾರಣಕ್ಕಾಗಿ.

ಒಣ ಕಾವಲಿಯನ್ನು ಹದವಾದ ಉರಿಯ ಮೇಲಿಟ್ಟು, ಎಣ್ಣೆಯ ಹನಿಯನ್ನೂ ಸೋಕಿಸದೆ, ಕಾಯಿಗಳನ್ನು ಎರಡು ಮೂರರಂತೆ ಹರಡಿ ಮೊಗಚುವ ಕೈಯಿಂದ ಒತ್ತಿ ಹಿಡಿಯಬೇಕು. ಹತ್ತು ಹದಿನೈದು ಸೆಕೆಂಡುಗಳಲ್ಲಿ ಒಳಮೈಯ ಬಣ್ಣ ತಿರುಗುತ್ತದೆ, ಪರಿಮಳ ಏಳುತ್ತದೆ. ಒಡನೆಯೇ ಮಗುಚಿ, ಇನ್ನೊಂದು ಪಕ್ಕಕ್ಕೆ ಅದಕ್ಕಿಂತ ಕಡಿಮೆ ಹೊತ್ತು ಕೊಟ್ಟು, ಕೆಳಗಿಳಿಸತಕ್ಕದ್ದು. ಬ್ಯಾಡಗಿಯ ಸಿಪ್ಪೆ ತೆಳುವಾದುದರಿಂದ ಅದಕ್ಕೆ ಇನ್ನೂ ಬೇಗ. ಈ ನಡುವೆ ಬಾಗಿಲಲ್ಲಿ ತರಕಾರಿಯವನು ಕೂಗಿದರೆ ಕೂಗಲಿ! ಗಂಟಲು ಕೆರೆಯಿತೆಂದರೆ ಹೊತ್ತು ಮೀರಿತೆಂದೇ ಅರ್ಥ. ಕರಿಯಾದ ಕಾಯಿ ಒಂದೇ ಇದ್ದರೂ ಅದರ ಕಹಿ ಪಾತ್ರೆಯನ್ನೆಲ್ಲ ಹಿಡಿಯುತ್ತದೆ. ಬೆಲ್ಲವಾಗಲಿ ನಿಂಬೆಯಾಗಲಿ ಅದನ್ನು ಅಳಿಸಲಾರವು. ಅಂತಹ ಕಾಯಿಯನ್ನು ಮರುಕವಿಲ್ಲದೆ ಎಸೆದು ಬೇರೊಂದನ್ನು ಹುರಿಯುವುದೇ ನಿಜವಾದ ಮಿತವ್ಯಯ.

ಹುರಿದ ಕಾಯಿಗಳು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಯುತ್ತಿರುವಾಗ, ಅದೇ ಕಾವಲಿಯ ಉರಿ ಹೆಚ್ಚಿಸಿ ಟೊಮೇಟೊ, ಬೆಳ್ಳುಳ್ಳಿಗಳನ್ನು ಸುಡಬೇಕು. ಮೆಣಸಿನಕಾಯಿಗೆ ಬೇಡವಾದ ಕಪ್ಪು ಟೊಮೇಟೊಗೆ ಬೇಕು: ಸಿಪ್ಪೆ ಅಲ್ಲಲ್ಲಿ ಕರಿಯಾಗಿ, ಹಣ್ಣು ಮೆತ್ತಗಾಗಿ, ರಸ ಒಸರುವ ತನಕ ಸುಮಾರು ಕಾಲು ಗಂಟೆ ಹಿಡಿಯುತ್ತದೆ. ದೋಸೆಯ ಕಬ್ಬಿಣದ ಕಾವಲಿಯನ್ನು ಮಾತ್ರ ಈ ಕೆಲಸಕ್ಕೆ ಎಳೆಯಬಾರದು. ಹುಳಿ ಸೋಕಿದ ಕಾವಲಿಯಿಂದ ಮರುದಿನದ ದೋಸೆ ಏಳಲು ಒಪ್ಪುವುದಿಲ್ಲ.

ಅರೆಯುವುದಕ್ಕೆ ಮೆಕ್ಸಿಕೊದಲ್ಲಿ ಮೊಲ್ಕಾಹೇಟೆ ಎಂಬ ಮೂರು ಕಾಲಿನ ಕಲ್ಲಿನ ಬೋಗುಣಿಯುಂಟು. ಜ್ವಾಲಾಮುಖಿಯ ಕರಿಗಲ್ಲಿನಲ್ಲಿ ಕಡೆದ ಇದನ್ನು ಹೊಸದಾಗಿ ತಂದಾಗ ಅಕ್ಕಿಯನ್ನು ಮತ್ತೆ ಮತ್ತೆ ಅರೆದು, ಹಿಟ್ಟು ಬೆಳ್ಳಗೆ ಬರುವವರೆಗೂ ಪಳಗಿಸುತ್ತಾರೆ. ಕಲ್ಲಿನ ಪುಡಿ ಊಟದಲ್ಲಿ ಸಿಗದಿರಲೆಂದು ಈ ಎಚ್ಚರ. ಸಣ್ಣ ಒರಳೂ ಈ ಕೆಲಸವನ್ನು ಚೆನ್ನಾಗಿಯೇ ಮಾಡಬಲ್ಲುದು. ಮೊದಲು ಉಪ್ಪು ಮತ್ತು ಸಿಪ್ಪೆ ಸುಲಿದ ಬೆಳ್ಳುಳ್ಳಿ, ಅನಂತರ ನೆನೆದ ಕಾಯಿ. ಇವು ನುಣ್ಣಗಾದ ಮೇಲೆ ಟೊಮೇಟೊವನ್ನು ಹಾಕಿ ಜಜ್ಜಿದರೆ ಸಾಕು, ತರಿತರಿಯಾಗಿರುವುದೇ ಚೆಂದ. ಮಿಕ್ಸಿಯಲ್ಲಾದರೆ ಎರಡು ಮೂರು ಸುತ್ತು. ಹೆಚ್ಚು ತಿರುಗಿಸಿದರೆ ಗಾಳಿ ಸೇರಿ ನೊರೆಯೆದ್ದು ಬಣ್ಣ ಕುಂದುತ್ತದೆ. ನೆನೆಸಿದ ನೀರನ್ನು ನಾಲಗೆಗೆ ಹಚ್ಚಿ ನೋಡಿ, ಕಹಿಯಿದ್ದರೆ ಚೆಲ್ಲಬೇಕು. ಇಲ್ಲದಿದ್ದರೆ ತೆಳ್ಳಗೆ ಮಾಡಲು ಅದೇ ಆದೀತು.

ಇಷ್ಟಾದ ಮೇಲೆ ಸಾಸಿವೆ, ಇಂಗುಗಳ ಕಡೆಗೆ ತಾನಾಗಿ ಚಾಚುವ ಕೈಯನ್ನು ತಡೆದುಕೊಳ್ಳುವುದು ಕನ್ನಡದ ಗೃಹಿಣಿಗೆ ಕಷ್ಟವೇ ಸರಿ. ಚಟ್ನಿಗೆ ಮೈ ಕೊಡುವುದು ತೆಂಗು, ಬೇಳೆ; ಇಲ್ಲಿ ಮೈಯೂ ಮೆಣಸಿನಕಾಯಿಯದೇ ಆದುದರಿಂದ, ಒಗ್ಗರಣೆ ಬಿದ್ದರೆ ಹುರಿದ ಕಾಯಿಯ ಪರಿಮಳ ಮುಚ್ಚಿಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಉಪ್ಪನ್ನು ಮತ್ತೊಮ್ಮೆ ನೋಡಬೇಕು. ಮೆಕ್ಸಿಕೊದಲ್ಲಿ ಇದು ಮೆಕ್ಕೆಜೋಳದ ಬಿಸಿ ತೋರ್ತಿಯಾದ ಜೊತೆಗೆ ಮೇಜಿಗೆ ಬರುತ್ತದೆ. ಜೋಳದ ರೊಟ್ಟಿಗೂ ಅಕ್ಕಿರೊಟ್ಟಿಗೂ ಚೆನ್ನಾಗಿಯೇ ಒಗ್ಗುತ್ತದೆ. ಉಳಿದುದನ್ನು ಗಾಜಿನ ಜಾಡಿಯಲ್ಲಿ ಮುಚ್ಚಿ ತಂಪುಪೆಟ್ಟಿಗೆಯಲ್ಲಿಟ್ಟರೆ ಮೂರು ನಾಲ್ಕು ದಿನ ಕೆಡುವುದಿಲ್ಲ.