ಮಣ್ಣು ಹಿಮವಲ್ಲ

ಮಳೆ ಬಲವಾದ ವರ್ಷಗಳಲ್ಲಿ ಶಿರಾಡಿ ಘಾಟಿಯ ಗುಡ್ಡಗಳು ಜರಿಯುತ್ತವೆ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಮುಚ್ಚುತ್ತದೆ. ಆಗ ಯಶವಂತಪುರ, ಗೊರಗುಂಟೆಪಾಳ್ಯಗಳ ಲಾರಿ ಕಚೇರಿಗಳಿಂದ ಹೆಬ್ಬಾಳ, ಯಲಹಂಕಗಳ ಮನೆಗಳವರೆಗೆ ಕೇಳಿಬರುವುದು ಒಂದೇ ಪ್ರಶ್ನೆ: ರಸ್ತೆ ಯಾವಾಗ ತೆರೆಯುತ್ತದೆ? ಹಿಟಾಚಿಗಳು ಬರುತ್ತವೆ, ಮಣ್ಣು ಬಾಚುತ್ತವೆ, ಕಣಿವೆಗೆ ತಳ್ಳುತ್ತವೆ. ಗುಡ್ಡ ಏಕೆ ಬಿತ್ತೆಂಬ ಪ್ರಶ್ನೆಯೂ ಆ ಮಣ್ಣಿನೊಂದಿಗೆ ಕಣಿವೆ ಸೇರುತ್ತದೆ.

ಈ ಅವಸರದ ಹಿಂದೆ ಹಿಮಾಲಯದಿಂದ ಎರವಲು ತಂದ ಕಲ್ಪನೆಯೊಂದಿದೆ. ಶ್ರೀನಗರ–ಲೇಹ್ ಹೆದ್ದಾರಿಯ ಜೋಜಿಲಾ ಕಣಿವೆಮಾರ್ಗ ಸುಮಾರು 11,600 ಅಡಿ ಎತ್ತರದಲ್ಲಿದೆ. ಗಡಿ ರಸ್ತೆಗಳ ಸಂಸ್ಥೆ ಅಲ್ಲಿನ ಹಿಮವನ್ನು ತೆರವುಗೊಳಿಸಿ, ಕೇವಲ 32 ದಿನಗಳ ನಿಲುಗಡೆಯ ನಂತರ, 2025ರ ಏಪ್ರಿಲ್ 1ರಂದು ಮಾರ್ಗವನ್ನು ತೆರೆಯಿತು. ಅಲ್ಲಿ ವೇಗವೇ ಸಾಧನೆ. ಹಿಮಕುಸಿತದ ಅಪಾಯ ಅಲ್ಲಿಯೂ ಇದೆ, ನಿಜ. ಆದರೆ ಹಿಮವು ಋತುವಿನ ಅತಿಥಿ. ಬದಿಗೆ ಸರಿಸಿದರೆ ಬೇಸಿಗೆಯಲ್ಲಿ ಕರಗಿ ನೀರಾಗುತ್ತದೆ, ಮರುವರ್ಷ ಆಕಾಶದಿಂದಲೇ ಮರಳುತ್ತದೆ. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕು. ಹೋದ ಮಣ್ಣು ಮರಳುವುದಿಲ್ಲ.

ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ. ಕುಸಿದು ನಿಂತ ಮಣ್ಣಿನ ರಾಶಿಯೇ ಮೇಲಿನ ಇಳಿಜಾರಿಗೆ ಎಷ್ಟೋ ಸಲ ಆಸರೆಯಾಗಿರುತ್ತದೆ. ಮಳೆನೀರು ಮಣ್ಣಿನ ರಂಧ್ರಗಳನ್ನು ತುಂಬಿದಾಗ ಕಣಗಳ ಪರಸ್ಪರ ಹಿಡಿತ ಸಡಿಲಗೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ರಾಶಿಯ ಬುಡವನ್ನು ಬಾಚಿದರೆ ಮೇಲಿನ ಮಣ್ಣು ಕೆಳಗಿಳಿಯುತ್ತದೆ. ಅದನ್ನೂ ಬಾಚಿದರೆ ಇನ್ನಷ್ಟು. ಇದನ್ನು ತೆರವು ಎನ್ನುವುದಕ್ಕಿಂತ ಮುಂದಿನ ಕುಸಿತದ ಸಿದ್ಧತೆ ಎನ್ನುವುದೇ ಸರಿ.

ಇದಕ್ಕೆ ಸಾಕ್ಷ್ಯಗಳ ಕೊರತೆಯಿಲ್ಲ. ಕಾಂಕ್ರೀಟೀಕರಣಕ್ಕೆಂದು 2018ರ ಜನವರಿಯಲ್ಲಿ ಮುಚ್ಚಿದ ಶಿರಾಡಿ ಜುಲೈನಲ್ಲಿ ತೆರೆಯಿತು; ಆಗಸ್ಟ್‌ನಲ್ಲಿ ಭೂಕುಸಿತದಿಂದ ಮತ್ತೆ ಮುಚ್ಚಿತು. ಹೊಸ ಕಾಂಕ್ರೀಟು ಹಳೆಯ ಗುಡ್ಡವನ್ನು ಹಿಡಿದು ನಿಲ್ಲಿಸಲಾರದು. ಅದೇ ತಿಂಗಳು ಕೊಡಗಿನಲ್ಲಿ ಸಂಭವಿಸಿದ ದುರಂತವನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಇಳಿಜಾರುಗಳಲ್ಲಿ ಮನುಷ್ಯರು ಮಾಡಿದ ಮಾರ್ಪಾಡುಗಳತ್ತ ಬೆರಳು ತೋರಿತು. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಲು ಬಳಿ ಗುಡ್ಡ ಮತ್ತೆ ಮತ್ತೆ ಜರಿಯಿತು. ಅಂಕೋಲಾದ ಶಿರೂರಿನಲ್ಲಿ ಜುಲೈ 16ರಂದು ಹೆದ್ದಾರಿಗಾಗಿ ಕಡಿದ ಗುಡ್ಡವೇ ಕುಸಿದು ಹಲವು ಜೀವಗಳನ್ನು ಬಲಿ ತೆಗೆದುಕೊಂಡಿತು. ಅದೇ ತಿಂಗಳಾಂತ್ಯದಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲುಹಳಿಯ ಕೆಳಗಿನ ಮಣ್ಣು ಕುಸಿದು, ಯಶವಂತಪುರದಿಂದ ಕರಾವಳಿಗೆ ಹೋಗುವ ರೈಲುಗಳೂ ನಿಂತವು.

ರಸ್ತೆಯೇ ಬೇಡವೆಂದು ಯಾರೂ ವಾದಿಸುತ್ತಿಲ್ಲ. ಹಾಸನದ ರೋಗಿಗೆ ಮಂಗಳೂರಿನ ಆಸ್ಪತ್ರೆ ಬೇಕು, ಬಂದರಿನ ಸರಕು ರಾಜಧಾನಿಗೆ ಬರಬೇಕು. ಆದರೆ ಕಣಿವೆಗೆ ತಳ್ಳಿದ ಮಣ್ಣು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಅದು ಕೆಂಪುಹೊಳೆಯ ಹರಿವನ್ನು ಸೇರಿ, ಕುಮಾರಧಾರೆಯತ್ತ ಸಾಗುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯೊಡನೆ ಸಂಗಮಿಸುತ್ತದೆ. ದಾರಿಯುದ್ದಕ್ಕೂ ತೋಡುಗಳ ತಳ ಹೂಳಿನಿಂದ ಏರಿದರೆ, ನೆರೆ ನುಗ್ಗುವುದು ರೈತರ ಗದ್ದೆಗೆ, ಅಡಿಕೆ ತೋಟಕ್ಕೆ. ನಗರದ ಅವಸರದ ವೆಚ್ಚವನ್ನು ಹೆದ್ದಾರಿಯಿಂದ ಲಾಭ ಪಡೆಯದವರು ಭರಿಸುತ್ತಾರೆ.

ಆದುದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಲಂಬವಾಗಿ ಕಡಿದ ಧರೆಗಳನ್ನು ಮಣ್ಣಿನ ಗುಣಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ತಡೆಗೋಡೆಗೆ ಮೊದಲು ನೀರು ಹರಿದುಹೋಗುವ ಚರಂಡಿಗಳಾಗಬೇಕು. ಬಾಚಿದ ಮಣ್ಣು ಹೊಳೆಯಿಂದ ದೂರದ, ಮೊದಲೇ ಗುರುತಿಸಿದ ಜಾಗ ಸೇರಬೇಕು. ಮಳೆಯ ಅಳತೆ ನಿಗದಿತ ಮಿತಿ ದಾಟಿದೊಡನೆ ಭಾರಿ ವಾಹನಗಳು ನಿಲ್ಲಬೇಕು. ಮುಚ್ಚಿದ ರಸ್ತೆಯನ್ನು ತೆರೆಯುವ ದಿನವನ್ನು ಇಳಿಜಾರಿನ ತಪಾಸಣೆ ನಿರ್ಧರಿಸಬೇಕೇ ಹೊರತು ಸಚಿವರ ಭೇಟಿಯಲ್ಲ. ತಪಾಸಣೆಯ ವರದಿಯನ್ನು ಘಾಟಿಯ ಗ್ರಾಮ ಪಂಚಾಯಿತಿಗಳಿಗೆ ಕನ್ನಡದಲ್ಲಿ ಒದಗಿಸಬೇಕು.

ಯಶವಂತಪುರದ ವರ್ತಕರೂ ಯಲಹಂಕದ ನಿವಾಸಿಗಳೂ ಇದಕ್ಕೆ ದನಿಗೂಡಿಸಲಿ. ಸರಕು ಎರಡು ದಿನ ತಡವಾದರೆ ನಷ್ಟವನ್ನು ಲೆಕ್ಕ ಹಾಕಿ ತುಂಬಬಹುದು. ಮಳೆಯಲ್ಲಿ ಗುಡ್ಡದ ಬುಡ ಬಾಚುವ ಹಿಟಾಚಿಯ ಚಾಲಕನ ಮೇಲೆ ಧರೆ ಬಿದ್ದರೆ, ಅದನ್ನು ಯಾವ ಲೆಕ್ಕದಲ್ಲಿ ಬರೆಯಬೇಕು?