ಅಡುಗೆಯಮ್ಮನ ರಜೆಗೆ ಯಾರ ದುಡ್ಡು?

ಆನೆ ಬಂದರೆ ಬೇಗೂರಿನ ಕಡೆ ಶಾಲೆಗೆ ರಜೆ. ಇದು ಗುಂಡ್ಲುಪೇಟೆಯ ಬೇಗೂರಲ್ಲ, ಬೆಂಗಳೂರಿನ ಬೇಗೂರಂತೂ ಅಲ್ಲವೇ ಅಲ್ಲ. ನಮ್ಮ ಕೊಡಗಿನ ಕುಟ್ಟದಿಂದ ಗಡಿ ದಾಟಿ ಹೋದರೆ ಸಿಗುವ, ವಯನಾಡಿನ ತಿರುನೆಲ್ಲಿ ಪಂಚಾಯಿತಿಯ ಕಾಡಂಚಿನ ಬೇಗೂರು. 2024ರ ಫೆಬ್ರವರಿಯಲ್ಲಿ ಬೇಲೂರು ಮಖ್ನಾ ಎಂಬ ದಂತವಿಲ್ಲದ ಗಂಡಾನೆ ಮಾನಂದವಾಡಿ ಬಳಿ ಒಬ್ಬರನ್ನು ತುಳಿದು ಕೊಂದಿತಲ್ಲ, ಆಗ ಈ ಪಂಚಾಯಿತಿಯ ಶಾಲೆಗಳಿಗೆ ಬೀಗ ಬಿತ್ತು. ಹಾಸನದ ಬೇಲೂರಿನಲ್ಲಿ ಹಿಡಿದು, ಕೊರಳಿಗೆ ರೇಡಿಯೋ ಕಾಲರ್ ಕಟ್ಟಿ ನಮ್ಮವರೇ ಕಾಡಿಗೆ ಬಿಟ್ಟಿದ್ದ ಆನೆ ಅದು. ಮಳೆಗಾಲ ಬಂದರೆ ರೆಡ್ ಅಲರ್ಟಿನ ರಜೆ ಬೇರೆ. ಇಂಥ ದಿನಗಳಲ್ಲಿ ಮೇಷ್ಟ್ರ ಸಂಬಳ ನಿಲ್ಲುವುದಿಲ್ಲ, ನಿಲ್ಲಲೂಬಾರದು. ನಿಲ್ಲುವುದು ಅಡುಗೆಯಮ್ಮನ ಕೂಲಿ. ಒಲೆ ಹೊತ್ತಿದ ದಿನಕ್ಕಷ್ಟೇ ಆಕೆಗೆ ಲೆಕ್ಕ.

ಆನೆಯ ರಜೆ ಹಾಗಿರಲಿ, ಅದು ಎರಡು ಮೂರು ದಿನದ್ದು. ಆಕೆಗೇ ಜ್ವರ ಬಂದರೆ? ಮಗಳ ಬಾಣಂತನವಿದ್ದರೆ?

ಆ ಸೀಮೆಯ ಒಂದು ಶಾಲೆ, ಹೆಸರು ಬೇಡ. ಹನ್ನೊಂದು ಗಂಟೆ. ಅಡುಗೆಮನೆಯಲ್ಲಿ ಇಬ್ಬರು ಹಿಡಿದು ಇಳಿಸಬೇಕಾದ ಅನ್ನದ ಪಾತ್ರೆಯನ್ನು ಒಬ್ಬಳೇ ಹೆಂಗಸು ಗೋಣಿತಾಟು ಕೊಟ್ಟು ಓರೆ ಮಾಡಿ ಗಂಜಿ ಬಸಿಯುತ್ತಿದ್ದಳು. ಆವಿಗೆ ಮುಖ ಆ ಕಡೆ ತಿರುಗಿಸಿಕೊಂಡೇ ಮಾತಾಡಿದಳು. ಬಾವಲಿ ಆಚೆಯ ಹೆಗ್ಗಡದೇವನಕೋಟೆ ಕಡೆಯಿಂದ ಮದುವೆಯಾಗಿ ಬಂದವಳಂತೆ, ಕನ್ನಡ ಇನ್ನೂ ನಾಲಿಗೆಯ ತುದಿಯಲ್ಲೇ ಇತ್ತು.

“ಹುಷಾರಿಲ್ಲದಾಗ ಏನ್ಮಾಡ್ತೀರಕ್ಕ?”

“ಪಕ್ಕದ ಮನೆಯವಳನ್ನ ಕಳಿಸ್ತೀನಿ.”

“ಅವಳಿಗೆ ಕೂಲಿ?”

“ನಾನೇ ಕೊಡಬೇಕಲ್ಲ ಸ್ವಾಮಿ. ಶಾಲೆ ಕೆಲಸ ನನ್ನದು ತಾನೆ!”

ರಜೆ ಇಲ್ಲವೇ ಇಲ್ಲ ಅಂತ ಯಾರೂ ಹೇಳುವುದಿಲ್ಲ ನೋಡಿ. ಇದೆ. ರಜೆ ಬೇಕಾದವಳು ಅದನ್ನು ಕೈಯಿಂದ ದುಡ್ಡು ಕೊಟ್ಟು ಕೊಂಡುಕೊಳ್ಳಬೇಕು, ಅಷ್ಟೇ. ಕೇರಳದಲ್ಲಿ ಶಾಲಾ ಅಡುಗೆಯವರ ದಿನಗೂಲಿ 2025ರಲ್ಲಿ 600ರಿಂದ 675 ರೂಪಾಯಿ ಇತ್ತು. ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಆರು ಸಾವಿರ ಬದಲಿಯವಳ ಪಾಲು. ಮಾತ್ರೆ, ಬಸ್ಸಿನ ಖರ್ಚು ಅದರ ಮೇಲೆ.

ನಮ್ಮ ಕಡೆಗೆ ಹೋಲಿಸಿದರೆ ಅದು ದೊಡ್ಡ ಕೂಲಿಯೇ. ಕೇಂದ್ರ ಸರ್ಕಾರ 2009ರಲ್ಲಿ ಬಿಸಿಯೂಟದ ಅಡುಗೆಯವರಿಗೆ ತಿಂಗಳಿಗೆ 1000 ರೂಪಾಯಿ ಎಂದು ಗೊತ್ತುಮಾಡಿತು, ಅದೂ ವರ್ಷಕ್ಕೆ ಹತ್ತೇ ತಿಂಗಳು. ಮಿಕ್ಕದ್ದನ್ನು ರಾಜ್ಯಗಳು ತುಂಬಬೇಕು. ಕರ್ನಾಟಕದಲ್ಲಿ 3,600ರ ಆಸುಪಾಸಿನಲ್ಲಿದ್ದದ್ದು 2025ರ ಬಜೆಟ್ಟಿನಲ್ಲಿ ಸಾವಿರ ಏರಿತು. ಇದಕ್ಕೆ ಗೌರವಧನ ಎಂದು ಹೆಸರು. ಸಂಬಳ ಎಂದು ಕರೆದರೆ ರಜೆ, ಪಿಂಚಣಿ ಎಲ್ಲ ಹಿಂದೆಯೇ ಬಂದು ಬಾಗಿಲು ತಟ್ಟುತ್ತವೆ. ಗೌರವಕ್ಕೆ ಅಂಥ ನೆಂಟರಿಲ್ಲ.

ಆದರೆ ಕೇರಳದ ಲೆಕ್ಕದಲ್ಲಿ ಇನ್ನೊಂದು ಮಡಿಕೆಯಿದೆ. ಕೇಂದ್ರದ ನಿಯಮದ ಪ್ರಕಾರ 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಒಬ್ಬರಂತೆ ಅಡುಗೆಯವರಿರಬೇಕು. 200 ಮಕ್ಕಳೆಂದರೆ ಮೂವರು. ಕೇರಳದಲ್ಲಿ 500 ಮಕ್ಕಳವರೆಗೂ ಒಬ್ಬರೇ! ಕೂಲಿ ಹೆಚ್ಚಿಸಿದರು, ಕೈ ಕಡಿಮೆ ಮಾಡಿದರು. 2025ರ ಆಗಸ್ಟಿನಲ್ಲಿ ಹೊಸ ಮೆನು ಬಂತು: ಲೆಮನ್ ರೈಸ್, ವೆಜಿಟೆಬಲ್ ಬಿರಿಯಾನಿ, ಎಗ್ ಫ್ರೈಡ್ ರೈಸ್. ಮಕ್ಕಳು ಖುಷಿಯಾದರು, ನಮಗೂ ಖುಷಿಯೇ. ಅಷ್ಟು ಕ್ಯಾರೆಟ್, ಬೀನ್ಸ್ ಹೆಚ್ಚುವವರು ಯಾರು ಎಂಬುದಕ್ಕೆ ಮೆನುವಿನಲ್ಲಿ ಜಾಗ ಸಾಲಲಿಲ್ಲ. ಒಲೆಯ ಮುಂದೆ ಒಬ್ಬಳೇ ಇರುವಾಗ ರಜೆಯ ಆದೇಶ ಹೊರಡಿಸಿಯೂ ಪ್ರಯೋಜನವಿಲ್ಲ. ಅವಳು ಮನೆಗೆ ಹೋದರೆ ಮಕ್ಕಳು ಉಪವಾಸ. ಅವಳಿಗೂ ಅದು ಗೊತ್ತು. ಅದಕ್ಕೇ ಪಕ್ಕದ ಮನೆಯ ಬಾಗಿಲಿಗೆ ಹೋಗುವುದು. ರಜೆ ಕೊಡುವುದು ಎಂದರೆ ಮೊದಲು ಎರಡನೆಯ ಕೈಯನ್ನು ಸರ್ಕಾರವೇ ಹುಡುಕಿ, ಅದರ ಕೂಲಿಯನ್ನು ತಾನೇ ಕೊಡುವುದು. ಉಳಿದದ್ದೆಲ್ಲ ಕಾಗದ.

ಕಾಗದಕ್ಕೇನೂ ಕೊರತೆಯಿಲ್ಲ ಬಿಡಿ. ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದು ದೆಹಲಿ ಮಹಾನಗರಪಾಲಿಕೆಯ ಮಸ್ಟರ್ ರೋಲ್ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 2000ದಲ್ಲೇ. ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಒಪ್ಪಿಕೊಳ್ಳಿ ಎಂದು 2013ರ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅನುದಾನವಿಲ್ಲದ ಖಾಸಗಿ ಶಾಲೆಗಳ ಶಿಕ್ಷಕಿಯರನ್ನೂ ಇತರ ಸಿಬ್ಬಂದಿಯನ್ನೂ ಹೆರಿಗೆ ಸೌಲಭ್ಯ ಕಾಯ್ದೆಯ ಕೆಳಗೆ ತಂದ ಮೊದಲ ರಾಜ್ಯ ಯಾವುದು ಗೊತ್ತೆ? ಇದೇ ಕೇರಳ, 2020ರಲ್ಲಿ. ಖಾಸಗಿಯವರಿಗೆ ಹೇಳಿದ ಬುದ್ಧಿಯನ್ನು ತನ್ನದೇ ಶಾಲೆಯ ಅಡುಗೆಮನೆಗೂ ಹೇಳಬಹುದಿತ್ತು. ಅಂಗನವಾಡಿಯವರದ್ದೂ ಗೌರವಧನವೇ, ಆದರೂ ಅವರಿಗೆ 180 ದಿನದ ಹೆರಿಗೆ ರಜೆ ಇದೆ. ಅಲ್ಲಿ ಆದದ್ದು ಶಾಲೆಯಲ್ಲಿ ಆಗಬಾರದೇಕೆ?

“ಅಡುಗೆಯವರದ್ದು ಅರೆಕಾಲಿಕ ಕೆಲಸ, ನಾಲ್ಕೇ ಗಂಟೆ” ಎನ್ನುವ ಉತ್ತರ ಸಿದ್ಧವಿರುತ್ತದೆ. ಇದು ನಮ್ಮ ದೇಶದ್ದಷ್ಟೇ ಕಾಯಿಲೆಯಲ್ಲ. ಅಮೆರಿಕದ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ 12 ವಾರ ಸಂಬಳವಿಲ್ಲದ ರಜೆ ಕೊಡುತ್ತದೆ, ವರ್ಷಕ್ಕೆ 1,250 ಗಂಟೆ ದುಡಿದಿದ್ದರೆ ಮಾತ್ರ. ಬೇಸಿಗೆಯಲ್ಲಿ ಶಾಲೆ ಮುಚ್ಚುವುದರಿಂದ ಅಲ್ಲಿನ ಶಾಲಾ ಬಸ್ಸಿನ ಚಾಲಕರು, ಊಟದ ಮನೆಯವರು ಎಷ್ಟೋ ಮಂದಿ ಆ ಗೆರೆ ಮುಟ್ಟುವುದೇ ಇಲ್ಲ. ವಿಮಾನದ ಸಿಬ್ಬಂದಿಗೂ ಇದೇ ತೊಡಕಿತ್ತು; ಅವರಿಗಾಗಿ 2009ರಲ್ಲಿ ಕಾಯ್ದೆಯನ್ನೇ ತಿದ್ದಿದರು. ಆಕಾಶದಲ್ಲಿ ಊಟ ಬಡಿಸುವವರ ಗಂಟೆಯನ್ನು ಬೇರೆ ರೀತಿ ಎಣಿಸಲು ಬರುತ್ತದೆ ಎಂದಾಯಿತು.

ನಾಲ್ಕು ಗಂಟೆಯಂತೆ! ಅಕ್ಕಿ ಆರಿಸಿ, ನೀರು ತುಂಬಿ, ಬೇಯಿಸಿ, ಬಡಿಸಿ, ಪಾತ್ರೆ ಉಜ್ಜಿ, ಒಲೆಗಟ್ಟೆ ತೊಳೆದು ಆಕೆ ಬಸ್ಸಿಗೆ ನಿಂತಾಗ ನನ್ನ ಗಡಿಯಾರದಲ್ಲಿ ಮೂರೂಕಾಲು. ಬಂದದ್ದು ಎಂಟೂವರೆಗೆ.

ಮುಂದಿನ ಪೋಷಕರ ಸಭೆಗೆ ಹೋದಾಗ, ವಯನಾಡಿನಲ್ಲಿರಲಿ ಕೊಡಗಿನಲ್ಲಿರಲಿ, ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿದ ಮೇಲೆ ಒಂದು ಮಾತು ಕೇಳಿ ಬನ್ನಿ: ಕಳೆದ ವರ್ಷ ಅಡುಗೆಯಮ್ಮ ಬಾರದ ದಿನ ಬದಲಿಯವಳಿಗೆ ಕೂಲಿ ಕೊಟ್ಟವರು ಯಾರು? ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.